ನೇಪಲ್ಸ್: ಮಂಗಳವಾರಕ್ಕೆ ಟಿಕೆಟ್ ಯಾಕೆ ಸಿಗ್ತಿಲ್ಲ?

ಇಟಲಿಯ ನೇಪಲ್ಸಿನಲ್ಲಿ ಸೋಮವಾರದಿಂದ ಬುಧವಾರದವರೆಗೆ ಇರುತ್ತೀರಿ, ಮಂಗಳವಾರಕ್ಕೆ ಮಾತ್ರ ವೆಬ್‌ಸೈಟಿನಲ್ಲಿ ಟಿಕೆಟ್ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಸೈಟಿನ ದೋಷ ಅಲ್ಲ, ಮಂಗಳವಾರವೇ ತೊಂದರೆ. ನೀವು ಆ ದಿನಕ್ಕೆ ಇಟ್ಟುಕೊಂಡಿರುವ ಪುರಾತತ್ವ ಮ್ಯೂಸಿಯಂ ಮತ್ತು ಸಾನ್‌ಸೆವೆರೊ ಚಾಪೆಲ್ (ಚಿಕ್ಕ ಪ್ರಾರ್ಥನಾಮಂದಿರ) ಎರಡಕ್ಕೂ ಮಂಗಳವಾರ ವಾರದ ರಜೆ. ಹಾಗಾಗಿ ಸೋಮವಾರ–ಬುಧವಾರದ ನಿಮ್ಮ ಪಟ್ಟಿಯನ್ನು ಸ್ವಲ್ಪ ಅದಲುಬದಲು ಮಾಡಿ.

ಮೊದಲು ಚಾಪೆಲ್ ಟಿಕೆಟ್ ಹಿಡಿಯಿರಿ, ಬುಧವಾರಕ್ಕೆ. ಜಾಗ ತೀರಾ ಚಿಕ್ಕದು, ಬೇಗ ಮುಗಿದುಹೋಗುತ್ತದೆ. ಅಲ್ಲಿರುವ 1753ರ ಮುಸುಕಿನ ಕ್ರಿಸ್ತನ ಅಮೃತಶಿಲೆಯ ಶಿಲ್ಪದ ಮುಂದೆ ನಿಂತರೆ, ಕಲ್ಲಿನಲ್ಲಿ ಕೆತ್ತಿದ ಆ ಬಟ್ಟೆಯನ್ನು ಎತ್ತಿ ನೋಡೋಣ ಅನ್ನಿಸುತ್ತದೆ. ಅದು ಸಿಕ್ಕಮೇಲೆ ಮ್ಯೂಸಿಯಂ ಅನ್ನೂ ಅದೇ ದಿನಕ್ಕೆ ಹಾಕಿ, ನಡೆದೇ ಹೋಗಬಹುದು.

ಮಂಗಳವಾರ ಪಾಂಪೇಯಿ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೆಯ ರೋಮನ್ ಊರು. ಸೆಂಟ್ರಲ್ ಸ್ಟೇಷನ್ನಿನ ಕೆಳಗಿರುವ ಗರಿಬಾಲ್ಡಿ ನಿಲ್ದಾಣದಿಂದ ಸೊರೆಂಟೊ ಕಡೆಯ ಚಿರ್ಕುಮ್‌ವೆಸುವಿಯಾನಾ ರೈಲು ಹತ್ತಿ. 'ಪೊಂಪೆಯಿ ಸ್ಕಾವಿ' ನಿಲ್ದಾಣದಲ್ಲೇ ಇಳಿಯಬೇಕು, ಗೇಟು ಎದುರಿಗೇ ಇದೆ. ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಮೇಲೆ ಹೆಸರೂ ಇರುತ್ತದೆ, ಪಾಸ್‌ಪೋರ್ಟ್ ಮರೆಯಬೇಡಿ. ಅಲ್ಲಿನ ಒಳ್ಳೊಳ್ಳೆ ಗೋಡೆಚಿತ್ರಗಳಲ್ಲಿ ಬಹಳಷ್ಟು ನೇಪಲ್ಸಿನ ಮ್ಯೂಸಿಯಂನಲ್ಲಿವೆ, ಆದ್ದರಿಂದ ಊರು ಮೊದಲು ನೋಡಿ ಮ್ಯೂಸಿಯಂ ಆಮೇಲೆ ನೋಡುವುದೇ ಚೆಂದ.

ಸೋಮವಾರ ಸುಮ್ನೆ ಹಳೇ ಊರನ್ನು ಸೀಳಿಕೊಂಡು ಹೋಗುವ ಸ್ಪಾಕ್ಕಾನಾಪೊಲಿ ಬೀದಿಯಲ್ಲಿ ಅಲೆಯಿರಿ. ಗಲ್ಲಿಯಲ್ಲೂ ಸ್ಕೂಟರ್ ನುಗ್ಗುತ್ತವೆ, ಹುಷಾರು. ನೀವು ಕೇಳಿದ ಚೀಸ್ ಇಲ್ಲದ ಪಿಜ್ಜಾ ಅಂದರೆ ಮರಿನಾರಾ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ.

ಕಾಪ್ರಿ ದ್ವೀಪ ಈ ಮೂರು ದಿನಕ್ಕೆ ಜಾಸ್ತಿಯಾಯಿತು, ಬಿಡಿ. ಹೋಟೆಲ್ ಎಲ್ಲಿ ಅಂತ ನೀವು ಬರೆದಿಲ್ಲ. ಸ್ಟೇಷನ್ನಿಂದ ದೂರವಿದ್ದರೆ ಮಂಗಳವಾರ ಬೇಗ ಹೊರಡಿ.