ಕ್ಯಾನ್ಸರ್ ವಂಶದಲ್ಲಿ ಬರುವುದಕ್ಕೂ ಕ್ರೋಮೋಸೋಮ್ ತೊಂದರೆಗೂ ಏನು ಸಂಬಂಧ?

ಸಂಬಂಧ ಇದೆ, ಆದರೆ ಎಲ್ಲ ಕ್ಯಾನ್ಸರಿಗೂ ಅಲ್ಲ. ಜೀನ್ ಅಂದರೆ ದೇಹ ಹೇಗೆ ಬೆಳೆಯಬೇಕು, ಕೆಲಸ ಮಾಡಬೇಕು ಅನ್ನುವ, ಹೆತ್ತವರಿಂದ ಬರುವ ಸೂಚನೆ; ಕ್ರೋಮೋಸೋಮ್ ಅಂದರೆ ಜೀವಕೋಶದೊಳಗೆ ಆ ಜೀನ್‌ಗಳನ್ನು ಹೊತ್ತಿರುವ ಎಳೆ. ನೂರು ರೋಗಿಗಳಲ್ಲಿ ಸುಮಾರು 5ರಿಂದ 10 ಜನರಲ್ಲಿ ಮಾತ್ರ ಹುಟ್ಟಿನಿಂದ ಬಂದ ಜೀನ್ ದೋಷ ಕಾರಣವಾಗಿರುತ್ತದೆ.

ಇದನ್ನು ತಿಳಿಯಲು ಮಕ್ಕಳ ಕಣ್ಣಿನ ಕ್ಯಾನ್ಸರ್ ರೆಟಿನೋಬ್ಲಾಸ್ಟೋಮಾಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ ಅನ್ನಿಸುತ್ತದೆ. 13ನೇ ಕ್ರೋಮೋಸೋಮಿನಲ್ಲಿ ಆರ್‌ಬಿ1 ಅನ್ನುವ ಜೀನ್ ಇದೆ. ಜೀವಕೋಶ ಬೇಕಾಬಿಟ್ಟಿ ಬೆಳೆಯದಂತೆ ಅದು ತಡೆಯುತ್ತದೆ. ಅಮ್ಮನಿಂದ ಒಂದು, ಅಪ್ಪನಿಂದ ಒಂದು, ಹೀಗೆ ಎರಡು ಪ್ರತಿ ಇರುತ್ತವೆ. ಈ ಕ್ಯಾನ್ಸರ್ ಬರಬೇಕಾದರೆ ಒಂದೇ ಕೋಶದಲ್ಲಿ ಎರಡೂ ಕೆಡಬೇಕು. 1971ರಲ್ಲಿ ವೈದ್ಯ ಆಲ್ಫ್ರೆಡ್ ನಡ್ಸನ್ ಮುಂದಿಟ್ಟ ವಿಚಾರ ಇದೇ. ಒಂದು ಪ್ರತಿ ಹುಟ್ಟುವಾಗಲೇ ಕೆಟ್ಟಿದ್ದರೆ ಉಳಿಯುವುದು ಒಂದೇ ಅಲ್ವಾ? ಅದಕ್ಕೇ ಅಂಥ ಮಕ್ಕಳಿಗೆ ಕಾಯಿಲೆ ಬೇಗ ಬರುತ್ತದೆ, ಎರಡೂ ಕಣ್ಣಿಗೆ ಬರುವುದೂ ಜಾಸ್ತಿ.

ಕೆಲವು ಮಕ್ಕಳಲ್ಲಿ ಆ ಕ್ರೋಮೋಸೋಮಿನ ಒಂದು ತುಂಡೇ ಇರುವುದಿಲ್ಲ. ಆರ್‌ಬಿ1 ಜೊತೆಗೆ ಅಕ್ಕಪಕ್ಕದ ಜೀನ್‌ಗಳೂ ಹೋಗಿರುತ್ತವೆ. ಹಾಗಾಗಿ ಕಣ್ಣಿನ ಗೆಡ್ಡೆಯ ಜೊತೆ ಬೆಳವಣಿಗೆಯೂ ನಿಧಾನವಾಗಬಹುದು. ಜೀನ್ ಎಲ್ಲಿದೆ ಅನ್ನುವ ಸುಳಿವು ಸಿಕ್ಕಿದ್ದು ಇಂಥ ಮಕ್ಕಳನ್ನು ವೈದ್ಯರು ಗಮನವಿಟ್ಟು ನೋಡಿದ್ದರಿಂದಲೇ. 1986ರಲ್ಲಿ ಆ ಜೀನೇ ಕೈಗೆ ಸಿಕ್ಕಿತು.

ಡೌನ್ ಸಿಂಡ್ರೋಮ್ ಇನ್ನೊಂದು ಬಗೆಯ ಕ್ರೋಮೋಸೋಮ್ ತೊಂದರೆ. ಅಲ್ಲಿ 21ನೇ ಕ್ರೋಮೋಸೋಮ್ ಒಂದು ಹೆಚ್ಚಿಗೆ ಇರುತ್ತದೆ, ಬಾಲ್ಯದಲ್ಲಿ ರಕ್ತದ ಕ್ಯಾನ್ಸರ್ ಅಪಾಯ ಜಾಸ್ತಿ.

ಮನೆಯಲ್ಲಿ ಯಾರಿಗೂ ಇಲ್ಲ ಅಂತ ಸುಮ್ನೆ ಇರಬೇಡಿ. ಆರ್‌ಬಿ1 ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಬಹುದು. ಫೋಟೋದಲ್ಲಿ ಮಗುವಿನ ಕಣ್ಣಿನ ಪಾಪೆ ಬೆಳ್ಳಗೆ ಕಂಡರೆ ತಡಮಾಡದೆ ಕಣ್ಣಿನ ವೈದ್ಯರಿಗೆ ತೋರಿಸಿ.