ಬಾಂಡ್ ಪೇಪರ್ ಮೇಲೆ ವಿಚ್ಛೇದನ ಆಗುತ್ತಾ?

ಓದುಗರ ಪ್ರಶ್ನೆ, ವಕೀಲರ ಉತ್ತರ

ಪ್ರಶ್ನೆ: ಮೇಡಂ, ನನಗೆ 29 ವರ್ಷ. ಶಿಡ್ಲಘಟ್ಟದ ಹತ್ತಿರ ಹಳ್ಳಿ. ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತೇನೆ. ನಮ್ಮೂರ ದೇವಸ್ಥಾನದಲ್ಲೇ ತಾಳಿ ಕಟ್ಟಿಸಿಕೊಂಡು ಏಳು ವರ್ಷ ಆಯಿತು. ನಾಲ್ಕು ವರ್ಷದ ಮಗನಿದ್ದಾನೆ. ಗಂಡ ಕುಡಿದು ಹೊಡೆಯುತ್ತಿದ್ದರು. ಎರಡು ವರ್ಷದಿಂದ ಅಮ್ಮನ ಮನೆಯಲ್ಲಿದ್ದೇನೆ. ಯುಗಾದಿ ಆದಮೇಲೆ ಎರಡೂ ಕಡೆಯ ಹಿರಿಯರು ಕೂತು ಬಾಂಡ್ ಪೇಪರ್ ಬರೆಸಿದರು. 'ಇನ್ನು ನಮ್ಮಿಬ್ಬರಿಗೂ ಸಂಬಂಧವಿಲ್ಲ, ಜೀವನಾಂಶ ಕೇಳುವುದಿಲ್ಲ' ಅಂತ ಅದರಲ್ಲಿದೆ. 50 ಸಾವಿರ ಕೊಟ್ಟರು, ಸಹಿ ಹಾಕಿದೆ. ಒಡವೆ ಅತ್ತೆಯ ಬೀರುವಿನಲ್ಲೇ ಉಳಿಯಿತು. ಈಗ ಅವರಿಗೆ ಬೇರೆ ಹೆಣ್ಣು ನೋಡುತ್ತಿದ್ದಾರಂತೆ. ಕೋರ್ಟ್ ಹತ್ತಿರ ಒಬ್ಬರು ಸಿಕ್ಕಿ, 60 ಸಾವಿರ ಕೊಟ್ಟರೆ ಎರಡೇ ತಿಂಗಳಲ್ಲಿ ಡೈವೋರ್ಸ್ ಮಾಡಿಸಿಕೊಡ್ತೀನಿ ಅಂದರು. ಸಂಘದಲ್ಲಿ ಸಾಲ ತೆಗೆದು ಕೊಡಲಾ?
– ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಬೇಡಮ್ಮಾ. ಸಾಲ ತೆಗೆಯಬೇಡಿ. ನಿಮಗೆ ವಕೀಲರು ಬಿಟ್ಟಿಯಾಗೇ ಸಿಗುತ್ತಾರೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಕಾಗದದ ವಿಷಯ. ಚಿಕ್ಕಬಳ್ಳಾಪುರದಲ್ಲಿ ನಾನು ವಕೀಲಿಕೆ ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಣ್ಣುಮಗಳು ಇಂಥದ್ದೇ ಕಾಗದ ತಂದಿದ್ದರು. ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿ ಇಟ್ಟಿದ್ದರು. ಮಡಿಸಿದ ಕಡೆ ಹರಿದು, ಟೇಪು ಅಂಟಿಸಿತ್ತು. ಕೆಳಗೆ ಕೆಂಪು ನೋಟರಿ ಸೀಲು, ಐದು ಜನ ಸಾಕ್ಷಿ, ಅದರಲ್ಲಿ ಎರಡು ಹೆಬ್ಬೆಟ್ಟು. ಆ ಸೀಲು ನಂಬಿಕೊಂಡು ಆಕೆ ಎರಡನೇ ಮದುವೆಯೂ ಆಗಿಬಿಟ್ಟಿದ್ದರು. ಆ ಮದುವೆ ಕಾನೂನಿನಲ್ಲಿ ನಿಲ್ಲಲ್ಲ ಅಂತ ಹೇಳುವಾಗ ನನ್ನ ಬಾಯಿ ಒಣಗಿತ್ತು. ಅವತ್ತಿನಿಂದ ಬಾಂಡ್ ಪೇಪರ್ ಅಂದರೆ ನನಗೆ ಸಿಟ್ಟು. ಬರೆದುಕೊಡುವವರ ಮೇಲೆ ಇನ್ನೂ ಜಾಸ್ತಿ.

ಸೀಲು ಎಷ್ಟೇ ಕೆಂಪಗಿರಲಿ, 1955ರ ಹಿಂದೂ ವಿವಾಹ ಕಾಯ್ದೆಯ ಪ್ರಕಾರ ವಿಚ್ಛೇದನ ಕೊಡುವುದು ಕೋರ್ಟು. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ಬಂದ ಪದ್ಧತಿಯ ಬಿಡುಗಡೆಯನ್ನು ಕಾನೂನು ಒಪ್ಪುತ್ತೆ, ನಿಜ. ಆದರೆ ಅಂಥ ಪದ್ಧತಿ ಇದೆ ಅನ್ನುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ಅದು ಸುಲಭವಲ್ಲ. ಹಾಗಾಗಿ ನೀವು ಇವತ್ತಿಗೂ ಅವರ ಹೆಂಡತಿಯೇ. ಈಗ ಅವರು ಇನ್ನೊಂದು ಮದುವೆಯಾದರೆ ಅದು ಅನೂರ್ಜಿತ, ಜೊತೆಗೆ ಏಳು ವರ್ಷದವರೆಗೆ ಜೈಲಿಗೆ ಹೋಗಬಹುದಾದ ಅಪರಾಧ. ಹೆಣ್ಣಿನ ಕಡೆಯವರಿಗೆ ಯಾರ ಮೂಲಕವಾದರೂ ಈ ಮಾತು ಮುಟ್ಟಿಸಿ. ಪಾಪ, ಅವರಿಗೂ ಆ ಕಾಗದವನ್ನೇ ತೋರಿಸಿರುತ್ತಾರೆ.

'ಜೀವನಾಂಶ ಕೇಳಲ್ಲ' ಅಂತ ಬರೆದುಕೊಟ್ಟಿದ್ದೀರಿ ಅಂತ ಹೆದರಬೇಡಿ. ಅಂಥ ಮುಚ್ಚಳಿಕೆ ನಿಮ್ಮ ಹಕ್ಕನ್ನು ಕಿತ್ತುಕೊಳ್ಳುವುದಿಲ್ಲ. ಮಗನ ಪಾಲಂತೂ ಬಿಟ್ಟುಕೊಡಲು ನಿಮಗೇ ಹಕ್ಕಿಲ್ಲ, ಅದು ಅವನದು. 50 ಸಾವಿರ ತಗೊಂಡಿದ್ದನ್ನು ಮಾತ್ರ ಮುಚ್ಚಿಡಬೇಡಿ. ಆ ಕಡೆಯವರು ಹೇಗೂ ಎತ್ತುತ್ತಾರೆ. ಕೆಲಸಕ್ಕೆ ಹೋಗುತ್ತೀರಿ ಅನ್ನುವ ಕಾರಣಕ್ಕೇ ಜೀವನಾಂಶ ತಪ್ಪುವುದಿಲ್ಲ. ಎಷ್ಟು ಅನ್ನುವುದನ್ನು ಇಬ್ಬರ ಆದಾಯ ನೋಡಿ ಜಡ್ಜ್ ತೀರ್ಮಾನಿಸುತ್ತಾರೆ. ಇಬ್ಬರೂ ಆಸ್ತಿ, ಸಾಲ, ಆದಾಯದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕ ಹಾಕಬೇಕು ಅಂತಲೂ ಹೇಳಿದೆ. ಆದ್ದರಿಂದ ಶ್ರಾವಣ ಕಳೀಲಿ, ಗೌರಿ ಹಬ್ಬ ಆಗಲಿ ಅಂತ ಮುಂದೂಡಬೇಡಿ. ತಡ ಮಾಡಿದ ಒಂದೊಂದು ತಿಂಗಳೂ ನಿಮಗೇ ನಷ್ಟ.

ನನ್ನ ಕೇಳಿದರೆ, ಡೈವೋರ್ಸ್‌ಗೆ ನಿಮಗೇನೂ ಆತುರವಿಲ್ಲ. ಆತುರ ಇರುವುದು ಅವರಿಗೆ. ನೀವು ಮೊದಲು ಜೀವನಾಂಶ ಮತ್ತು ಒಡವೆ ಕೇಳಿ. ತವರಿನವರು ಹಾಕಿದ ಒಡವೆ ನಿಮ್ಮ ಸ್ತ್ರೀಧನ, ಅಂದರೆ ನಿಮ್ಮದೇ ಸ್ವತ್ತು, ಬೀರು ಯಾರದ್ದಾದರೂ ಸರಿ. ಹೊಡೆತದ ವಿಷಯಕ್ಕೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಅದರಲ್ಲಿ ರಕ್ಷಣೆ, ಹಣ, ಒಡವೆ ಮೂರನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ಅರ್ಜಿ ಬರೆಯಲು ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯಲ್ಲಿ ಸಹಾಯ ಮಾಡುತ್ತಾರೆ. ದಾರಿ ಗೊತ್ತಿಲ್ಲದಿದ್ದರೆ ಮಗನ ಅಂಗನವಾಡಿ ಟೀಚರನ್ನು ಕೇಳಿ. ಅವರು ಮೀಟಿಂಗ್‌ಗೆ ಹೋಗುವುದೇ ಅಲ್ಲಿಗೆ.

ಇನ್ನು ವಕೀಲರು. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲಿ ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೇ ಇಲ್ಲ. ತಹಶೀಲ್ದಾರರ ಆದಾಯ ಪತ್ರಕ್ಕೆ ಅಲೆಯುವುದು ಬೇಡ. ತಾಲ್ಲೂಕು ಕೋರ್ಟಿಗೆ ಹೋಗಿ 'ಕಾನೂನು ಸೇವಾ ಸಮಿತಿ ಎಲ್ಲಿ' ಅಂತ ಕೇಳಿ. ಬಿಳಿ ಹಾಳೆಯಲ್ಲಿ ನಿಮ್ಮ ಕಥೆ ಬರೆದುಕೊಟ್ಟರೂ ನಡೆಯುತ್ತೆ. ಆಧಾರ್, ಲಗ್ನಪತ್ರಿಕೆ, ಮದುವೆ ಫೋಟೋ, ಮಗನ ಜನನ ಪತ್ರ, ಆ ಬಾಂಡ್ ಪೇಪರ್ ಎಲ್ಲದರ ಜೆರಾಕ್ಸ್ ಇರಲಿ. ಸಮಿತಿಯವರು ನೇಮಿಸುವ ವಕೀಲರ ಫೀಸನ್ನು ಕಾನೂನು ಸೇವಾ ಪ್ರಾಧಿಕಾರವೇ ಕೊಡುತ್ತೆ. ಆ ವಕೀಲರು ಕೈಚಾಚಿದರೆ ಸಮಿತಿಗೇ ಬರೆದುಕೊಡಿ, ಬದಲಾಯಿಸುತ್ತಾರೆ. ಮೊದಲು ಫೋನಿನಲ್ಲಿ ವಿಚಾರಿಸಬೇಕೆಂದರೆ ಕಾನೂನು ಸೇವೆಯ ಸಹಾಯವಾಣಿ 15100ಕ್ಕೆ ಮಾಡಿ.

ಆ ದಲ್ಲಾಳಿಯ 'ಎರಡು ತಿಂಗಳು' ಎಲ್ಲಿಂದ ಬಂತು ಅಂದರೆ, ಗಂಡ ಹೆಂಡತಿ ಇಬ್ಬರೂ ಒಪ್ಪಿ ಅರ್ಜಿ ಹಾಕುವ ದಾರಿಯೊಂದಿದೆ. ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿ ಆರು ತಿಂಗಳ ಮೇಲೆ ಮತ್ತೆ ಬಂದು 'ಹೌದು, ಬೇಕು' ಅನ್ನಬೇಕು. ಆ ಆರು ತಿಂಗಳನ್ನು ಬಿಡುವ ಅಧಿಕಾರ ಜಡ್ಜ್‌ಗೆ ಇದೆ ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜಡ್ಜ್‌ಗೆ, ದಲ್ಲಾಳಿಗಲ್ಲ. ನಿಮ್ಮ ಗಂಡ ಈ ದಾರಿಗೆ ಬಂದರೆ ಒಪ್ಪಬಹುದು, ಆದರೆ ದುಡ್ಡು ಡಿಡಿಯಲ್ಲಿ, ಕೋರ್ಟಿನೊಳಗೆ ನಿಮ್ಮ ಕೈಗೆ ಬರಬೇಕು. ಹಿರಿಯರ ಮುಂದೆ ಅಲ್ಲ.

ಪ್ರಶ್ನೆ: ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಹಮಾಲಿ ನಾನು. ಹೆಂಡತಿ ಕಡೆಯಿಂದ ಕೋರ್ಟ್ ನೋಟಿಸ್ ಬಂದಿದೆ. ತಗೊಳ್ಳದಿದ್ದರೆ ಕೇಸು ನಡೆಯಲ್ಲ ಅಂತ ಭಾವಮೈದುನ ಹೇಳ್ತಾನೆ. ಹೌದಾ?

ಉತ್ತರ: ಅವನು ಹೆಂಡತಿಯ ತಮ್ಮನೇ ಅಲ್ವಾ? ತಮಾಷೆಗೆ ಹೇಳಿದೆ. ಆದರೆ ಆ ಮಾತು ಕೇಳಬೇಡಿ. ನೋಟಿಸ್ ವಾಪಸ್ ಕಳಿಸಿದರೆ ಕೇಸು ನಿಲ್ಲಲ್ಲ, ನೀವಿಲ್ಲದೆ ನಡೆಯುತ್ತೆ. ಏಕಪಕ್ಷೀಯ ಆದೇಶ ಆದಮೇಲೆ ಅದನ್ನು ತೆಗೆಸಲು ಮತ್ತೆ ಅರ್ಜಿ, ಮತ್ತೆ ಓಡಾಟ, ಮತ್ತೆ ಹೋದ ಕೂಲಿ. ನೋಟಿಸ್ ತಗೊಂಡು ಅದರಲ್ಲಿರುವ ದಿನಾಂಕಕ್ಕೆ ಹೋಗಿ ನಿಲ್ಲಿ. ಪರಿಶಿಷ್ಟ ಜಾತಿ ಅಥವಾ ಪಂಗಡದವರಾದರೆ, ಅಂಗವಿಕಲರಾದರೆ, ಇಲ್ಲವೇ ಆದಾಯ ಮಿತಿಯೊಳಗೆ ಬಂದರೆ ಗಂಡಸರಿಗೂ ಉಚಿತ ವಕೀಲರಿದ್ದಾರೆ. ಅದೇ ಸಮಿತಿ, ಅದೇ ಬಾಗಿಲು.