ಹೆಬ್ಬಾತಿಗೆ ಎರಡು ಪಟ್ಟೆ ಸಾಕು

ಸೂಜಿ ದಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಸ್ಕಾರ ಅಕ್ಕ. ನಾನು ಬಿ.ಎ. ಓದುತ್ತಿದ್ದೇನೆ. ಅಮ್ಮನ ಮಹಿಳಾ ಸಂಘದವರು ಈ ಚಳಿಗಾಲದಲ್ಲಿ ಹಕ್ಕಿಗಳನ್ನೇ ವಿಷಯವಾಗಿಟ್ಟುಕೊಂಡು ಕರಕುಶಲ ಪ್ರದರ್ಶನ ನಡೆಸುತ್ತಿದ್ದಾರೆ. ಮಣ್ಣು, ಬಿದಿರು, ಮರ ಎಲ್ಲದರಲ್ಲೂ ಹೊಸ ಬಗೆಯ ಹಕ್ಕಿಗಳು ಬರಲಿವೆ. ನನ್ನ ಪಾಲಿಗೆ ಕಸೂತಿ. ಅದೇ ನವಿಲು, ಅದೇ ಗಿಳಿ ಬೇಡವೆಂದು ಬಣ್ಣದ ಕೊಕ್ಕರೆಯ ಫೋಟೊ ನೋಡಿ ಚೌಕಳಿ ಹಾಳೆಯಲ್ಲಿ ಬರೆದುಕೊಂಡೆ. ಬಟ್ಟೆಯ ಮೇಲೆ ಕೊಕ್ಕು ಮೆಟ್ಟಿಲು ಮೆಟ್ಟಿಲಾಗಿ, ಮುರಿದಂತೆ ಕಾಣುತ್ತಿದೆ. ಕೊಕ್ಕಿಗೆ ಮಾತ್ರ ಬೇರೆ ಹೊಲಿಗೆ ಹಾಕಿ ನುಣುಪು ಮಾಡಲೇ?
(ಓದುಗರು, ಗದಗ)

ಉತ್ತರ: ಬೇರೆ ಹೊಲಿಗೆ ಬೇಡ, ತಂಗಿ. ಕಸೂತಿ ನಿಂತಿರುವುದೇ ಬಟ್ಟೆಯ ಎಳೆ ಎಣಿಸುವುದರ ಮೇಲೆ. ಅಡ್ಡ, ಉದ್ದ, ಓರೆ, ಸೂಜಿಗೆ ಇರುವ ದಾರಿ ಇಷ್ಟೇ. ಬಣ್ಣದ ಕೊಕ್ಕರೆಯ ಕೊಕ್ಕು ನೇರವಾಗಿ ಬಂದು ತುದಿಯಲ್ಲಿ ಮಾತ್ರ ತುಸು ಬಾಗುತ್ತದೆ. ಆ ತುಸು ಬಾಗನ್ನು ಎಣಿಕೆಯಲ್ಲಿ ಹಿಡಿಯಹೋದರೆ ಮೆಟ್ಟಿಲೇ ಬರುತ್ತದೆ. ನಿನ್ನ ಕೈಯಲ್ಲಿ ದೋಷವಿಲ್ಲ. ಆರಿಸಿಕೊಂಡ ಹಕ್ಕಿ ಈ ಕೆಲಸಕ್ಕೆ ಒಗ್ಗುವುದಿಲ್ಲ, ಅಷ್ಟೇ.

ಹಿರಿಯರು ನವಿಲನ್ನು ಹೇಗೆ ತಂದರು ನೋಡು. ನನ್ನ ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಸೆರಗಿನಲ್ಲಿರುವ ನವಿಲಿಗೆ ಕಣ್ಣಿನ ಗರಿಗಳೇ ಇಲ್ಲ. ನೆತ್ತಿಯ ಮೇಲೆ ಮೂರು ಕಡ್ಡಿ, ಹಿಂದೆ ಓರೆ ಗೆರೆಗಳ ಬಾಲ, ಮೈಯೊಳಗೆ ಸಣ್ಣ ಸಣ್ಣ ಚೌಕ. ಆ ಮೂರು ಕಡ್ಡಿ ಕಂಡರೆ ಸಾಕು, ಎಳೆಯ ಮಗುವೂ ನವಿಲು ಎನ್ನುತ್ತದೆ. ಅದನ್ನು ಹಾಕಿದ ಹೆಂಗಸರು ಹೊಲದಲ್ಲಿ, ಹಿತ್ತಲಲ್ಲಿ ಹಕ್ಕಿಯನ್ನು ಕಣ್ಣಾರೆ ಕಂಡು, ಅದರ ಗುರುತು ಎಲ್ಲಿದೆ ಎಂದು ಅರಿತವರು. ಹೊಸ ಹಕ್ಕಿಯನ್ನು ತರಬೇಕೆನ್ನುವ ನೀನೂ ಅಷ್ಟು ನೋಡಲೇಬೇಕು. ಫೋಟೊ ಎಲ್ಲವನ್ನೂ ಒಂದೇ ಸಮ ತೋರಿಸುತ್ತದೆ, ಯಾವುದನ್ನು ಬಿಡಬೇಕು ಎಂದು ಹೇಳುವುದಿಲ್ಲ.

ನಿನ್ನ ಜಿಲ್ಲೆಯಲ್ಲೇ ಮಾಗಡಿ ಕೆರೆ ಇದೆ. ಮಹತ್ವದ ಜೌಗು ನೆಲಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ ಅದು. ಪ್ರತಿ ಚಳಿಗಾಲದಲ್ಲೂ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಅಲ್ಲಿಗೆ ಬರುತ್ತವೆ. ಪ್ರದರ್ಶನ ನಡೆಯುವ ಹೊತ್ತಿಗೆ ಅವು ಅಲ್ಲೇ ಇರುತ್ತವೆ. ಅಮ್ಮನನ್ನೂ ಕರೆದುಕೊಂಡು ಒಮ್ಮೆ ಹೋಗಿ ಬಾ. ದಂಡೆಯಲ್ಲಿ ಸದ್ದು ಮಾಡದೆ ಕುಳಿತು ನೋಡು. ಗುಂಪಿನಲ್ಲಿ ಹಲವು ತಲೆ ತಗ್ಗಿಸಿ ಮೇಯುತ್ತಿದ್ದರೆ ಒಂದೆರಡು ಕುತ್ತಿಗೆಯನ್ನು ಕಡ್ಡಿಯಂತೆ ನೆಟ್ಟಗೆ ಎತ್ತಿ ಕಾವಲು ನಿಂತಿರುತ್ತವೆ. ನಿನಗೆ ಬೇಕಾದದ್ದು ಆ ಕಾವಲಿನ ಹಕ್ಕಿ. ನೆಟ್ಟಗಿನ ಕುತ್ತಿಗೆ ಎಳೆಯ ಗುಂಟ ಸಲೀಸಾಗಿ ಬರುತ್ತದೆ. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿವೆ. ಮೇಲಿನದು ಉದ್ದ, ಕಣ್ಣಿನಿಂದ ಕಣ್ಣಿಗೆ ಹಾಯುತ್ತದೆ. ಕೆಳಗಿನದು ಗಿಡ್ಡ. ಈ ಎರಡು ಪಟ್ಟೆ ಸರಿಯಾಗಿ ಕೂತರೆ ಉಳಿದದ್ದು ಸ್ವಲ್ಪ ಹೆಚ್ಚುಕಡಿಮೆಯಾದರೂ ಅದು ಹೆಬ್ಬಾತೇ.

ಈಗ ಹೊಲಿಗೆಯ ವಿಚಾರ. ಮೈಯ ಅಂಚು, ಕಾಲು, ಕೊಕ್ಕು ಗಾವಂತಿಯಲ್ಲಿ, ಅಂದರೆ ಹೋಗಿ ಬಂದು ತುಂಬುವ ಗೆರೆ ಹೊಲಿಗೆಯಲ್ಲಿ ಬರಲಿ. ಎದೆಯಿಂದ ಹೊಟ್ಟೆಗೆ ಇಳಿಯುವ ಇಳಿಜಾರಿಗೆ ಮೆಟ್ಟಿಲಿನಂತೆ ಸಾಗುವ ಮುರ್ಗಿ ಹೊಲಿಗೆ ಹಾಕು. ಅಲ್ಲಿ ಮೆಟ್ಟಿಲು ಬಂದರೂ ರೆಕ್ಕೆಯ ಪದರದಂತೆ ಕಾಣುತ್ತದೆ. ಎರಡು ಪಟ್ಟೆಗಳನ್ನು ಮಾತ್ರ ನೇಯ್ದಂತೆ ಕಾಣುವ ನೇಗಿ ಹೊಲಿಗೆಯಲ್ಲಿ ತುಂಬು. ಕತ್ತರಿಯಾಕಾರದ ಮೆಂತಿ ಹೊಲಿಗೆ ಬೇಡ, ಇಷ್ಟು ಸಣ್ಣ ತಲೆಗೆ ಅದು ಭಾರ. ಕಪ್ಪು ಬಟ್ಟೆ ತೆಗೆದುಕೊಂಡರೆ ಪಟ್ಟೆ ಮುಳುಗಿಹೋಗುತ್ತದೆ. ಹಾಗಾಗಿ ಇಳಕಲ್ಲಿನ ದಾಳಿಂಬೆ ಕೆಂಪಿನ ಮೇಲೆ ಬೂದು, ಬಿಳಿ, ಕಪ್ಪು ರೇಷ್ಮೆ ದಾರ. ಕೊಕ್ಕಿಗೂ ಕಾಲಿಗೂ ಕಿತ್ತಳೆ ಹಳದಿ.

ಗಾವಂತಿಯಲ್ಲಿ ಹೊಸಬರು ತೊಡಕಿಗೆ ಸಿಕ್ಕುವುದು ಕಾಲು, ಕೊಕ್ಕಿನಂಥ ಕವಲುಗಳಲ್ಲಿ. ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟದ್ದನ್ನು ತುಂಬುವುದು, ಇದು ನಿನಗೆ ಗೊತ್ತೇ ಇದೆ. ಕವಲು ಬಂದ ಕೂಡಲೇ ಅದರ ತುದಿಯವರೆಗೆ ಹೋಗಿ, ತುಂಬುತ್ತಾ ಬುಡಕ್ಕೆ ಮರಳಿ, ಆಮೇಲೆ ಮೈಯ ಗೆರೆಯಲ್ಲಿ ಮುಂದೆ ಸಾಗು. ಕಾಲನ್ನು ಕೊನೆಗೆ ನೋಡಿಕೊಳ್ಳೋಣ ಎಂದು ಬಿಟ್ಟರೆ ದಾರವನ್ನು ಹಿಂದಿನಿಂದ ಜಿಗಿಸಬೇಕಾಗುತ್ತದೆ, ಹಿಮ್ಮೈ ಕೆಡುತ್ತದೆ. ಗಂಟು ಹಾಕಬೇಡ. ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸು.

ಇನ್ನೊಂದು ಮಾತು. ಇದನ್ನು ಗೋಡೆಗೆ ಒತ್ತಿ ಗಾಜು ಹಾಕಿ ಇಡಬೇಡಿ. ಬಿದಿರಿನ ಕೋಲಿಗೆ ಇಳಿಬಿಟ್ಟು ಎರಡೂ ಕಡೆಯಿಂದ ಜನ ನೋಡುವ ಹಾಗೆ ಮಾಡಿ. ಗಾವಂತಿ ಹಾಕಿದವಳ ಶ್ರಮ ಇರುವುದೇ ಹಿಮ್ಮೈಯಲ್ಲಿ, ಅದನ್ನು ಮುಚ್ಚಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಪಕ್ಕದ ಚೀಟಿಯಲ್ಲಿ ಮಾಗಡಿ ಕೆರೆಯ ಹೆಸರು ಬರೆಯಿರಿ. ನೋಡಿದವರಲ್ಲಿ ನಾಲ್ಕು ಜನರಾದರೂ ಕೆರೆಗೆ ಹೋಗಲಿ.

ಪ್ರಶ್ನೆ: ಇಂಥ ಪ್ರದರ್ಶನಗಳಲ್ಲಿ ಯಂತ್ರದ ಕಸೂತಿಯೂ ಇರುತ್ತದೆ. ಹಿಂದೆ ಮುಂದೆ ಒಂದೇ ಥರ ಇದ್ದರೆ ಮಾತ್ರ ಕೈಕೆಲಸ ಎನ್ನುತ್ತಾರೆ. ನಿಜವೇ?
(ಓದುಗರು, ದಾವಣಗೆರೆ)

ಉತ್ತರ: ಗಾವಂತಿ ಮತ್ತು ಮುರ್ಗಿಗೆ ನಿಜ. ನೇಗಿಯಲ್ಲಿ ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ, ಹಿಂದೆ ಇದ್ದಲ್ಲಿ ಮುಂದೆ ಖಾಲಿ. ಮೆಂತಿಯ ಹಿಮ್ಮೈಯೂ ಬೇರೆಯೇ. ಇವನ್ನು ನೋಡಿ ನಕಲಿ ಎಂದುಬಿಟ್ಟರೆ ಕುಳಿತು ಕಣ್ಣು ಸೋಲಿಸಿಕೊಂಡವರಿಗೆ ಅನ್ಯಾಯ. ಯಂತ್ರದ ಕೆಲಸದಲ್ಲಿ ಹಿಂದೆ ಬಾಬಿನ್‌ನ ದಾರ ಬೇರೆಯಾಗಿಯೇ ಕಾಣುತ್ತದೆ, ಎಷ್ಟೋ ಸಲ ಅಂಟಿಸಿದ ಕಾಗದದ ತುಣುಕೂ ಉಳಿದಿರುತ್ತದೆ. ಬಟ್ಟೆ ತಿರುಗಿಸಿ ನೋಡಲು ಸಂಕೋಚ ಪಡಬೇಡಿ. ನಂತರ ಬೆಲೆಯಲ್ಲಿ ಚೌಕಾಸಿಯನ್ನೂ ಮಾಡಬೇಡಿ.

ಪ್ರಶ್ನೆ: ಶಾಲೆಯ ಮಕ್ಕಳು ಹಕ್ಕಿಯ ಗೊಂಬೆಗಳಿಗೆ ನಿಜವಾದ ನವಿಲುಗರಿ ಅಂಟಿಸಬಹುದೇ?
(ಶಿಕ್ಷಕಿ, ಹಾವೇರಿ)

ಉತ್ತರ: ನವಿಲಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ತಾನಾಗಿ ಉದುರಿದ ಬಾಲದ ಗರಿಗೆ ದೇಶದೊಳಗೆ ವಿನಾಯಿತಿ ಉಂಟು. ಆದರೆ ಅಂಗಡಿಯಿಂದ ತಂದ ಗರಿ ಉದುರಿದ್ದೋ ಕಿತ್ತದ್ದೋ ಎಂದು ನಿಮಗೂ ಮಕ್ಕಳಿಗೂ ತಿಳಿಯುವುದಿಲ್ಲ. ಬೇಡ ಎಂದೇ ನನ್ನ ಸಲಹೆ. ದರ್ಜಿಯವರ ಬಳಿ ಬಟ್ಟೆಯ ಚೂರುಗಳು ಬೇಕಾದಷ್ಟು ಸಿಗುತ್ತವೆ. ನೀಲಿ, ಹಸಿರು ಚೂರುಗಳನ್ನು ಕತ್ತರಿಸಿ ಅಂಚಿನ ಎಳೆಗಳನ್ನು ಬಿಡಿಸಿದರೆ ಗರಿಯ ನವಿರು ಬರುತ್ತದೆ. ಐದನೆಯ ತರಗತಿಯ ಮಕ್ಕಳೂ ಅದನ್ನು ಮಾಡಬಲ್ಲರು.